ಸಹಾಯ ಬೇಕು: ಸುಳ್ಳು ಲೆಕ್ಕದ ಕೆಲಸ ಬಿಟ್ಟೆ, ಈಗ ಅದರ ಬಗ್ಗೆ ಬರೆಯಬೇಕು

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಲೆಕ್ಕಪತ್ರ ವಿಭಾಗದಲ್ಲಿದ್ದ ನಾನು ಕಳೆದ ತಿಂಗಳು ರಾಜೀನಾಮೆ ಕೊಟ್ಟೆ. ದುರಸ್ತಿಗೆ ಮಾಡಿದ ಖರ್ಚನ್ನು ಆಸ್ತಿಯೆಂದು ತೋರಿಸಿ ಲಾಭ ಉಬ್ಬಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿತ್ತು. ಒಂದು ಸಂಜೆ ಮೇಲಧಿಕಾರಿ ಹಿಂದಿನ ತಿಂಗಳ ದಿನಾಂಕ ಹಾಕಿದ ವೋಚರೊಂದನ್ನು ಮೇಜಿನ ಮೇಲಿಟ್ಟು, “ಇಲ್ಲೊಂದು ಸಹಿ ಹಾಕಿಬಿಡಿ” ಎಂದರು. ಪೆನ್ನಿನ ಮುಚ್ಚಳ ತೆಗೆದ ಕೈ ಹಾಗೆಯೇ ನಿಂತಿತು. ಅದಕ್ಕೂ ಮೊದಲು ಎಷ್ಟೋ ಬಾರಿ ಹಾಕಿದ್ದೆ. ಅದೇ ಈಗಲೂ ಮನಸ್ಸನ್ನು ಕೊರೆಯುತ್ತಿದೆ.

ವೃತ್ತಿಯ ನೈತಿಕತೆಯ ಬಗ್ಗೆ ಕನ್ನಡದಲ್ಲಿ ಬರೆಯಲು ಕುಳಿತಿದ್ದೇನೆ. 2002ರಲ್ಲಿ ಬಯಲಾದ, ಅಮೆರಿಕದ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್ ಹಗರಣದಲ್ಲೂ ನಡೆದದ್ದು ಇದೇ: ಖರ್ಚು ಆಸ್ತಿಯಾಗಿತ್ತು. ಅದನ್ನು ಪತ್ತೆ ಹಚ್ಚಿದವರು ಆಂತರಿಕ ಲೆಕ್ಕಪರಿಶೋಧಕಿ ಸಿಂಥಿಯಾ ಕೂಪರ್ ಮತ್ತು ಅವರ ತಂಡ. ಅವರ ದಿಟ್ಟತನ ದೊಡ್ಡದು, ನಿಜ. ಆದರೆ ನನ್ನನ್ನು ಕಾಡುವವರು ಮೇಲಿನವರ ಒತ್ತಡಕ್ಕೆ ಮಣಿದು ಆ ನಮೂದುಗಳನ್ನು ಮಾಡಿದ ಲೆಕ್ಕಿಗರು. ‘ಇದೊಂದು ಬಾರಿ’ ಎನ್ನುತ್ತಲೇ ಮನುಷ್ಯ ಎಷ್ಟು ದೂರ ಜಾರುತ್ತಾನೆ ಎಂಬುದನ್ನು ಒಳಗಿನಿಂದ ಬರೆಯಬೇಕೆಂಬ ಆಸೆ.

ತೊಡಕು ಇಲ್ಲಿದೆ. ಕೆಲಸಕ್ಕೆ ಸೇರುವಾಗ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದೇನೆ. ಹೆಸರು ಬಿಟ್ಟರೂ ಘಟನೆಯಿಂದಲೇ ಸಂಸ್ಥೆಯನ್ನು ಗುರುತಿಸಬಹುದಾದರೆ ಆ ಒಪ್ಪಂದವನ್ನು ಮುರಿದಂತಾಗುತ್ತದೆಯೇ? ಕಾನೂನು ಬಲ್ಲವರು ದಯವಿಟ್ಟು ತಿಳಿಸಿ. ಅಲ್ಲಿ ಇನ್ನೂ ದುಡಿಯುತ್ತಿರುವ ಗೆಳೆಯರಿಗೆ ನನ್ನ ಬರಹದಿಂದ ತೊಂದರೆಯಾಗಬಾರದು.

ಬರೆಯುವವರಲ್ಲಿ ಇನ್ನೊಂದು ಪ್ರಶ್ನೆ: ನಾನೇ ಹಾಕಿದ ಸುಳ್ಳು ಸಹಿಗಳಿಂದಲೇ ಪ್ರಬಂಧ ಆರಂಭಿಸಲೇ? ಮೊದಲ ಕರಡು ಎಂಟು ಪುಟಗಳಷ್ಟಾಗಿದೆ. ನಿಷ್ಠುರವಾಗಿ ಓದಿ ಹೇಳಬಲ್ಲವರು ಯಾರಾದರೂ ಇದ್ದರೆ ಕಳುಹಿಸುತ್ತೇನೆ.