ಗದ್ದೆ ಬೀಳು ಬಿದ್ದಿದೆ, ಪುತ್ತರಿಗೆ ಕದಿರು ಎಲ್ಲಿಂದ?

ಬಾಣೆದಾರಿ:
ಎಲ್ಲರಿಗೂ ನಮಸ್ಕಾರ. ನಮ್ಮ ಐನ್‌ಮನೆಯ (ಮನೆತನದ ಮೂಲಮನೆ) ಗದ್ದೆ ನಾಟಿಯಿಲ್ಲದೆ ಬೀಳು ಬಿದ್ದಿದೆ. ಈ ಸಲ ಒಕ್ಕದವರೆಲ್ಲ (ಒಂದೇ ಮನೆತನದವರು) ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಸೇರುತ್ತಾರೆ. ಪಕ್ಕದವರ ಗದ್ದೆಯಿಂದ ಕದಿರು (ಹೊಸ ಭತ್ತದ ತೆನೆ) ತೆಗೆದರೆ ನಡೆಯುತ್ತದೆಯೇ? ನೆರೆ (ಕದಿರಿನೊಂದಿಗೆ ಕಟ್ಟುವ ಎಲೆಗಳ ಕಟ್ಟು) ಕಟ್ಟಲು ಯಾವ ಎಲೆ ಬೇಕು? ಬೆಂಗಳೂರಿನಲ್ಲೇ ಉಳಿಯುವವರು ಬಕೆಟ್‌ನಲ್ಲಿ ಭತ್ತ ಬೆಳೆಯಬಹುದೇ?

ನೆಲ್ಲಕ್ಕಿ ದೀಪ:
ಪಕ್ಕದ ಗದ್ದೆಯದು ಧಾರಾಳವಾಗಿ ಆಗುತ್ತದೆ. ಆದರೆ ಹಬ್ಬದ ದಿನ ಹೋಗಿ ಕೇಳಬೇಡಿ, ನಾಟಿ ಸಮಯದಲ್ಲೇ ಹೇಳಿಡಿ. ಗದ್ದೆಯವರು ಒಂದು ಮೂಲೆಯನ್ನು ಕೊಯ್ಯದೆ ಉಳಿಸಬೇಕಲ್ಲ! ಮಾರ್ಕೆಟ್‌ನಿಂದ ಕಟ್ಟು ತಂದು ಕಂಬಕ್ಕೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಬೇರು ಮಣ್ಣಿನಲ್ಲಿರುವ ಪೈರಿನ ಬುಡಕ್ಕೆ ಹಾಲು, ಜೇನು ಎರೆದು ಕೊಯ್ದದ್ದೇ ಕದಿರು.

ಮೂರು ಮುಹೂರ್ತ ಇರುತ್ತದೆ: ನೆರೆ ಕಟ್ಟುವುದು, ಕದಿರು ತೆಗೆಯುವುದು, ಊಟ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ದಿನ ನಿಶ್ಚಯವಾಗುತ್ತದೆ. ದೇವಾಲಯದ ಮುಹೂರ್ತ ಮೊದಲು, ನಾಡಿನದು ಆಮೇಲೆ. ಪತ್ರಿಕೆಯಲ್ಲಿ ಎರಡೂ ಸಮಯ ಬರುವುದರಿಂದ ಹಲವರು ದೇವಾಲಯದ್ದನ್ನೇ ಮನೆಯದೆಂದು ಹಿಡಿದು ಬಿಡುತ್ತಾರೆ, ನೋಡಿಕೊಳ್ಳಿ.

ನೆರೆಗೆ ಐದು ಬಗೆಯ ಎಲೆ. ಅರಳಿ, ಮಾವು ಬಹುತೇಕ ಎಲ್ಲ ಕಡೆ ಇವೆ. ಉಳಿದವು ಊರಿಂದೂರಿಗೆ ಬೇರೆಯಾಗುತ್ತವೆ, ನಿಮ್ಮ ಒಕ್ಕದ ಹಿರಿಯರ ಮಾತೇ ಅಂತಿಮ. ಎಲೆಯನ್ನು ಅವತ್ತೇ ಕೊಯ್ದು ಒದ್ದೆ ಬಟ್ಟೆಯಲ್ಲಿಡಿ. ಹಿಂದಿನ ದಿನದ್ದಾದರೆ ಮಡಚುವಾಗಲೇ ಸೀಳುತ್ತದೆ. ನೆರೆಯನ್ನು ನೆಲ್ಲಕ್ಕಿ ನಡುಬಾಡೆಯಲ್ಲಿ (ಮನೆಯ ನಡುಕೋಣೆ), ದೀಪದ ಎದುರು ಎಲ್ಲರೂ ಸೇರಿ ಕಟ್ಟಬೇಕು. ಆಮೇಲೆ ತಳಿಯತಕ್ಕಿ ಬೊಳಕ್ (ತಟ್ಟೆಯಲ್ಲಿ ಅಕ್ಕಿ, ದೀಪ) ಹಿಡಿದವರು ಮುಂದೆ, ಕುಕ್ಕೆ ಮತ್ತು ಕುಡುಗೋಲು ಹಿಡಿದವರು ಹಿಂದೆ. ಗುಂಡು ಹಾರಿದ ಮೇಲೆ ‘ಪೊಲಿ ಪೊಲಿ ದೇವಾ’ ಎನ್ನುತ್ತ ಬೆಸ ಸಂಖ್ಯೆಯಲ್ಲಿ ಕದಿರು ಕೊಯ್ಯುವುದು. ಮನೆಗೆ ತಂದು, ನೆರೆಯೊಂದಿಗೆ ಸೇರಿಸಿ ಕಂಬ, ಕಣಜ, ಬಾಗಿಲಿಗೆ ಕಟ್ಟುವುದು. ಎಷ್ಟು ಕಡೆ ಕಟ್ಟಬೇಕೆಂದು ಮೊದಲೇ ಎಣಿಸಿ ಅಷ್ಟು ನೆರೆ ಮಾಡಿಕೊಳ್ಳಿ. ಕತ್ತಲಲ್ಲಿ ಮತ್ತೆ ಎಲೆ ಹುಡುಕುವುದು ಕಷ್ಟ.

ಕೆಸರುಗದ್ದೆ:
ಬಕೆಟ್ ಭತ್ತದ ಬಗ್ಗೆ. ಮುಖ್ಯ ಲೆಕ್ಕ ದಿನದ್ದು. ಪುತ್ತರಿ ಹುಣ್ಣಿಮೆ ಸುತ್ತ, ರೋಹಿಣಿ ನಕ್ಷತ್ರ ನೋಡಿ ಬರುತ್ತದೆ, ಹೆಚ್ಚಾಗಿ ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದೊಳಗೆ. ಇಂಟಾನ್‌ನಂಥ 150 ದಿನ ದಾಟುವ ತಳಿಯಾದರೆ ಜೂನ್‌ನಲ್ಲೇ ಬಿತ್ತಬೇಕು. ಐಆರ್-64ರಂಥ 115-120 ದಿನದ ತಳಿಗೆ ಜುಲೈ ಕೊನೆ ಸಾಕು. ಎರಡು ಬಕೆಟ್‌ಗೆ 15 ದಿನ ಅಂತರದಲ್ಲಿ ಬಿತ್ತಿ, ಹಬ್ಬ ಹಿಂದೆ ಮುಂದೆ ಆದರೂ ಒಂದು ಕೈಗೆ ಬರುತ್ತದೆ. ತಡವಾದರೆ ಹಬ್ಬದ ದಿನ ಕಾಳು ಇನ್ನೂ ಹಾಲುಗಟ್ಟುತ್ತಿರುತ್ತದೆ, ಪಾಯಸಕ್ಕೆ ಸುಲಿಯಲು ಅಕ್ಕಿಯೇ ಸಿಗದು.

20 ಲೀಟರ್ ಬಕೆಟ್, ತೂತು ಬೇಡ. ಮುಕ್ಕಾಲು ಭಾಗ ಗದ್ದೆ ಮಣ್ಣು, ಜೊತೆಗೆ ಎರಡು ಬೊಗಸೆ ಹಳೇ ಸಗಣಿ ಗೊಬ್ಬರ. ಹಸಿ ಗೊಬ್ಬರ ಹಾಕಿದರೆ ನಿಂತ ನೀರಿನಲ್ಲಿ ಕೊಳೆತು ಬೇರು ಕಪ್ಪಾಗುತ್ತದೆ. 21-25 ದಿನದ ಸಸಿ, ಒಂದು ಗುಣಿಗೆ ಎರಡು, ಬಕೆಟ್‌ಗೆ ಮೂರು ಗುಣಿ. ನೀರು ಒಂದೆರಡು ಇಂಚು ನಿಂತರೆ ಸಾಕು. ಹೂ ಬಿಡುವಾಗ ಒಣಗಿಸಿದರೆ ಜೊಳ್ಳೇ ಜೊಳ್ಳು. ಹಾಲುಗಟ್ಟುವಾಗ ಬಲೆ ಹೊದಿಸಿ, ಹಕ್ಕಿಗಳು ಒಂದೇ ದಿನದಲ್ಲಿ ಮುಗಿಸಿಬಿಡುತ್ತವೆ. ಕೊಯ್ಲಿಗೆ ಹತ್ತು ದಿನ ಇರುವಾಗ ನೀರು ಬಸಿಯಿರಿ.

ಬಾಣೆದಾರಿ:
ತುಂಬಾ ಉಪಕಾರವಾಯಿತು ಅಣ್ಣ. ಬೆಂಗಳೂರಿನಲ್ಲಿ ಉಳಿಯುವವರ ತಾರಸಿ ಪಕ್ಕದಲ್ಲೇ ಬೀದಿದೀಪ ಇದೆ, ತೊಂದರೆಯೇ?

ಕೆಸರುಗದ್ದೆ:
ಒಳ್ಳೇದಾಯ್ತು ಕೇಳಿದ್ದು. ಹಳೇ ನಾಟಿ ತಳಿಗಳಲ್ಲಿ ಹಲವು ರಾತ್ರಿ ಉದ್ದವಾದಾಗಲೇ ತೆನೆ ಬಿಡುವಂಥವು. ರಾತ್ರಿಯಿಡೀ ಬೆಳಕು ಬಿದ್ದರೆ ಹುಲ್ಲಾಗಿ ಬೆಳೆಯುತ್ತದೆ, ತೆನೆ ಮಾತ್ರ ಬರುವುದಿಲ್ಲ. ಬಕೆಟನ್ನು ಗೋಡೆಯ ಮರೆಗೆ ಇಡಲಿ, ಹಗಲು ಮಾತ್ರ ಆರು ಗಂಟೆ ಬಿಸಿಲು ಬೇಕೇ ಬೇಕು. ಇಲ್ಲವೆಂದರೆ ಅಲ್ಪಾವಧಿ ತಳಿ ಹಾಕಲಿ.

ನೆಲ್ಲಕ್ಕಿ ದೀಪ:
ಇನ್ನೊಂದು ಮಾತು. ಕೋವಿಗೆ ಕೊಡವರಿಗೂ ಕೊಡಗಿನ ಜಮ್ಮಾ ಭೂಮಿ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇದೆ ನಿಜ, ಹಾಗೆಂದು ಬೆಂಗಳೂರಿನ ಅಪಾರ್ಟ್‌ಮೆಂಟ್ ತಾರಸಿಯಲ್ಲಿ ಗುಂಡು ಹಾರಿಸುವುದು ಬೇಡವೇ ಬೇಡ. ಗುಂಡಿನ ಶಬ್ದ ಬೇಕೇ ಬೇಕೆಂದರೆ ಅಲ್ಲಿನ ಕೊಡವ ಸಮಾಜದ ಸಾಮೂಹಿಕ ಪುತ್ತರಿಗೆ ಹೋಗಿ ಬರಲಿ.

ಒಲೆಬದಿ:
ತಂಬಿಟ್ಟು ಯಾರೂ ಹೇಳಲಿಲ್ಲವಲ್ಲ! ಸಿಪ್ಪೆ ಕಪ್ಪಾಗುವಷ್ಟು ಕಳಿತ ಬಾಳೆಹಣ್ಣು ಆರು, ನಾರು ಉಳಿಯದಂತೆ ಕಿವುಚಿ. ಹುರಿದ ಅಕ್ಕಿಗೆ ಏಲಕ್ಕಿ, ನಾಲ್ಕು ಕಾಳು ಮೆಂತ್ಯ ಸೇರಿಸಿ ಮಾಡಿದ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಕಲಸಿ, ಸುಮಾರು ಒಂದು ಲೋಟ ಹಿಡಿಯುತ್ತದೆ. ಪುಡಿ ನೀರು ಎಳೆದುಕೊಳ್ಳುತ್ತ ಹೋಗುವುದರಿಂದ ಕಲಸುವಾಗ ಸಡಿಲ ಇರಲಿ, ಅರ್ಧ ಗಂಟೆಯಲ್ಲಿ ತಾನೇ ಗಟ್ಟಿಯಾಗುತ್ತದೆ. ಮೇಲೆ ತೆಂಗಿನ ತುರಿ, ಹುರಿದ ಎಳ್ಳು, ನಡುವೆ ಗುಳಿ ಮಾಡಿ ತುಪ್ಪ. ಪುತ್ತರಿ ಗೆಣಸನ್ನು ಪೂರ್ತಿ ಬೇಯಿಸಿ, ಅರೆಬೆಂದದ್ದು ಗಂಟಲು ತುರಿಸುತ್ತದೆ. ಚಾಕು ತಡೆಯಿಲ್ಲದೆ ಇಳಿದರೆ ಬೆಂದಿದೆ.