ಎಂಜಿಬಿಯ ಎಸ್‌ಯು ಕಾರ್ಬ್ಯುರೇಟರ್ ಸೋರುತ್ತಿದೆ: ಕಿಟ್ ತರಿಸುವ ಮೊದಲು ಏನು ನೋಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನಿರೋದು ಇಂಗ್ಲೆಂಡಿನಲ್ಲಿ. ಕಾರು 1966ರ ಎಂಜಿಬಿ ರೋಡ್‌ಸ್ಟರ್, ಎಸ್‌ಯು ಕಂಪನಿಯ ಎಚ್‌ಎಸ್4 ಜೋಡಿ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ). ಚಳಿಗಾಲದಲ್ಲಿ ಐದು ತಿಂಗಳು ಗ್ಯಾರೇಜಿನಲ್ಲೇ ನಿಂತಿತ್ತು. ಈಗ ಕೀ ತಿರುಗಿಸಿದರೆ ಕಾರಿನ ಹಿಂಬದಿಯ ಪೆಟ್ರೋಲ್ ಪಂಪ್ ಟಿಕ್ ಟಿಕ್ ಅಂತ ಬಡಿದುಕೊಳ್ಳುತ್ತಲೇ ಇರುತ್ತೆ, ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತೆ. ಮಿಕ್ಸ್ಚರ್ ನಟ್ (ಪೆಟ್ರೋಲ್-ಗಾಳಿ ಪ್ರಮಾಣ ಹೊಂದಿಸುವ ನಟ್) ಎರಡು ಸುತ್ತು ಮೇಲೇರಿಸಿದೆ, ಏನೂ ಬದಲಾಗಲಿಲ್ಲ. ರಿಪೇರಿ ಕಿಟ್ ತರಿಸಿ ಎಲ್ಲ ಬಿಚ್ಚಿಬಿಡಲಾ?

ಉತ್ತರ: ಸದ್ಯಕ್ಕೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಈ ಎಂಜಿನ್‌ನಲ್ಲಿ ಕಾರ್ಬ್ಯುರೇಟರೂ ಎಕ್ಸಾಸ್ಟೂ ಒಂದೇ ಬದಿಗಿವೆ, ಮೇಲೆ ಅದು, ಕೆಳಗೆ ಇದು, ನಡುವೆ ಒಂದು ತಗಡು ಅಷ್ಟೇ. ತೊಟ್ಟಿಕ್ಕುವ ಪೆಟ್ರೋಲ್ ಕಾದ ಕಬ್ಬಿಣದ ಮೇಲೆ ಬಿದ್ದರೆ ಬೆಂಕಿ ಹತ್ತುತ್ತೆ. ಗ್ಯಾರೇಜ್ ಬಾಗಿಲು ತೆರೆದಿಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ.

ಮಿಕ್ಸ್ಚರ್ ನಟ್ ಅನ್ನು ಅದೇ ಎರಡು ಸುತ್ತು, ಅಂದರೆ 12 ಫ್ಲಾಟ್ (ನಟ್ಟಿನ ಆರು ಮುಖಗಳಲ್ಲಿ ಒಂದೊಂದೂ ಒಂದು ಫ್ಲಾಟ್), ಕೆಳಗಿಳಿಸಿ. ಸೋರಿಕೆಗೂ ಅದಕ್ಕೂ ಸಂಬಂಧವಿಲ್ಲ. ಕಿಟ್ ಕೂಡ ಈಗಲೇ ಬೇಡ. ಎಲ್ಲಿ ಒದ್ದೆಯಾಗುತ್ತಿದೆ ಅಂತ ಕಣ್ಣಾರೆ ನೋಡದೆ ಬಿಚ್ಚಿದರೆ, ಚೆನ್ನಾಗಿರುವ ಸೀಲ್‌ಗಳೂ ಕೆಡುತ್ತವೆ.

ನಿಮ್ಮ ಪಂಪ್ ವಿದ್ಯುತ್ತಿನದು, ಅದು ನಿಮಗೆ ಅನುಕೂಲ. ಎಂಜಿನ್ ಓಡಿಸದೆಯೇ ಪರೀಕ್ಷೆ ಮಾಡಬಹುದು. ಇಗ್ನಿಷನ್ ಆಫ್ ಇರುವಾಗ ಕಾಯಿಲ್‌ಗೆ ಬರುವ ವೈರ್ ತೆಗೆದು ತುದಿಗೆ ಟೇಪ್ ಸುತ್ತಿ, ಇಲ್ಲವಾದರೆ ಕಾಯಿಲ್ ಕಾಯುತ್ತೆ. ಎರಡೂ ಕಾರ್ಬ್ಯುರೇಟರ್ ಒರೆಸಿ ಒಣಗಿಸಿ, ಫ್ಲೋಟ್ ಚೇಂಬರ್ (ಪೆಟ್ರೋಲ್ ನಿಲ್ಲುವ ಬಟ್ಟಲು, ಒಳಗೆ ತೇಲುವುದೇ ಫ್ಲೋಟ್) ತಳಕ್ಕೂ ಜೆಟ್ (ಅಲ್ಲಿಂದ ಪೆಟ್ರೋಲ್ ಗಾಳಿಗೆ ಸೇರುವ ಸಣ್ಣ ನಳಿಕೆ) ಸುತ್ತಲೂ ಟಾಲ್ಕಂ ಪೌಡರ್ ಉದುರಿಸಿ. ಕೆಳಗೊಂದು ಟ್ರೇ ಇಟ್ಟು ಒಂದು ನಿಮಿಷ ಇಗ್ನಿಷನ್ ಆನ್ ಮಾಡಿ. ಬಿಳಿ ಪುಡಿಯಲ್ಲಿ ಮೊದಲು ಎಲ್ಲಿ ಕಪ್ಪು ಗೆರೆ ಮೂಡುತ್ತೋ ಅಲ್ಲೇ ದೋಷ. ಚೇಂಬರ್ ತುಂಬಿದ ಮೇಲೆ ಪಂಪ್ ತಾನಾಗಿ ಸುಮ್ಮನಾಗಬೇಕು.

ಮುಚ್ಚಳದ ಓವರ್‌ಫ್ಲೋ ಪೈಪಿನಿಂದ ಸುರಿದರೆ, ಫ್ಲೋಟ್ ಏರಿದಾಗ ಪೆಟ್ರೋಲ್ ಒಳಬರುವ ದಾರಿ ಮುಚ್ಚಬೇಕಾದ ನೀಡಲ್ ಮುಚ್ಚಿಕೊಳ್ಳುತ್ತಿಲ್ಲ, ಇಲ್ಲವೇ ಫ್ಲೋಟ್ ಮುಳುಗಿದೆ. ಜೆಟ್ ಬುಡದಿಂದಲೋ ಏರ್ ಕ್ಲೀನರ್ ಕಡೆಯಿಂದಲೋ ಬಂದರೂ ಬಹುಪಾಲು ಅದೇ ಕಾರಣ: ಮಟ್ಟ ಏರಿ ಜೆಟ್ ಬಾಯಿಂದ ಉಕ್ಕುತ್ತಿದೆ. ಓವರ್‌ಫ್ಲೋ ಪೈಪಿಗೆ ಬಿರಡೆ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಚೇಂಬರ್ ಉಸಿರಾಡುವುದೇ ಅದರಿಂದ. ಅದನ್ನು ಮುಚ್ಚಿದರೆ ಪೆಟ್ರೋಲ್ ಜೆಟ್ ಮೂಲಕ ಎಂಜಿನ್‌ಗೆ ನುಗ್ಗುತ್ತೆ.

ಎರಡೂ ಕಾರ್ಬ್ಯುರೇಟರ್ ಒಟ್ಟಿಗೆ ಉಕ್ಕಿದರೆ ಮೊದಲು ಪಂಪ್ ಮೇಲೆ ಅನುಮಾನ ಪಡಿ. ಎಸ್‌ಯುಗೆ ಸುಮಾರು 3 ಪಿಎಸ್‌ಐ (ಒತ್ತಡದ ಅಳತೆ) ಸಾಕು. ಹಿಂದಿನ ಮಾಲೀಕರು 6–7 ಪಿಎಸ್‌ಐ ಪಂಪ್ ಹಾಕಿಸಿದ್ದರೆ ಹೊಸ ನೀಡಲ್ ಕೂಡ ತಡೆಯಲ್ಲ.

ಕೇಳಿದವರು: ಪೌಡರ್ ಹಾಕಿ ನೋಡಿದೆ ಸರ್. ಓವರ್‌ಫ್ಲೋ ಎರಡೂ ಒಣಗಿವೆ. ಹಿಂದಿನ ಕಾರ್ಬ್ಯುರೇಟರ್‌ನ ಫ್ಲೋಟ್ ಚೇಂಬರ್ ತಳದಿಂದ ಜೆಟ್‌ಗೆ ಹೋಗುವ ತೆಳು ಕೊಳವೆ ಇದೆಯಲ್ಲ, ಅದರ ನಟ್ ಹತ್ತಿರ ಒದ್ದೆ. ಬಿಗಿ ಮಾಡಿದೆ, ಇನ್ನೂ ಜಾಸ್ತಿಯಾಯ್ತು!

ಉತ್ತರ: ಆಗುತ್ತೆ. ಅಲ್ಲಿ ಸೀಲ್ ಮಾಡುವುದು ನಟ್ ಅಲ್ಲ, ಒಳಗಿನ ಪುಟ್ಟ ರಬ್ಬರ್ ಗ್ಲಾಂಡ್ (ಕೊಳವೆಯ ಸುತ್ತ ಕೂರುವ ಬಳೆ). ತಿಂಗಳುಗಟ್ಟಲೆ ಪೆಟ್ರೋಲ್ ಆರಿದಾಗ ಅದು ಒಣಗಿ ಕುಗ್ಗಿ ಗಟ್ಟಿಯಾಗಿದೆ. ಅತಿಯಾಗಿ ಬಿಗಿದರೆ ಅದು ಹಿಂಡಿಹೋಗಿ ಸೋರಿಕೆ ಹೆಚ್ಚುತ್ತೆ.

ಬಿಚ್ಚುವ ಮೊದಲು ಬ್ಯಾಟರಿ ಕೇಬಲ್ ತೆಗೆಯಿರಿ. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ. 1966ರ ಕಾರು ಫ್ಯಾಕ್ಟರಿಯಿಂದ ಬಂದಿದ್ದು ಪಾಸಿಟಿವ್ ಅರ್ತ್, ಆಮೇಲೆ ಬದಲಿಸಿಲ್ಲದಿದ್ದರೆ ಕಾರಿನ ಲೋಹದ ಬಾಡಿಗೆ ಸೇರಿರುವುದು ಪ್ಲಸ್ ಕೇಬಲ್. ಯಾವುದು ಬಾಡಿಗೆ ಹೋಗಿದೆಯೋ ಅದನ್ನೇ ಬಿಚ್ಚಿ.

ಜೆಟ್ ತಲೆಗೆ ಚೋಕ್ ಲಿಂಕ್ ಹಿಡಿದಿರುವ ಸ್ಕ್ರೂ ತೆಗೆಯಿರಿ, ಕೊಳವೆಯ ನಟ್ ಬಿಚ್ಚಿ, ಜೆಟ್ ಅನ್ನು ನೇರ ಕೆಳಕ್ಕೆ ಎಳೆಯಿರಿ. ಮಿಕ್ಸ್ಚರ್ ನಟ್ ಮುಟ್ಟುವ ಅಗತ್ಯವಿಲ್ಲ. ಕೊಳವೆಯ ಮೇಲೆ ನಟ್, ಆಮೇಲೆ ಲೋಹದ ವಾಷರ್, ಆಮೇಲೆ ಗ್ಲಾಂಡ್, ಇದೇ ಕ್ರಮ. ಹಳೆ ಗ್ಲಾಂಡಿನ ಚೂರು ಚೇಂಬರ್ ತೂತಿನಲ್ಲಿ ಉಳಿದಿದ್ದರೆ ಮರದ ಕಡ್ಡಿಯಿಂದ ತೆಗೆಯಿರಿ, ಉಕ್ಕಿನ ಮೊನೆಯಿಂದ ಕೆರೆಯಬೇಡಿ. ಹೊಸ ಗ್ಲಾಂಡ್ ಕೂರಿಸುವಾಗ ಕೊಳವೆಯ ತುದಿ ಅದರಾಚೆ ಕನಿಷ್ಠ 3/16 ಇಂಚು, ಹತ್ತಿರ ಹತ್ತಿರ 5 ಮಿ.ಮೀ, ಚಾಚಿರಬೇಕು. ಅಷ್ಟಿಲ್ಲದಿದ್ದರೆ ಬಿಗಿದಾಗ ಗ್ಲಾಂಡ್ ಮಡಿಚಿಕೊಂಡು ಕೊಳವೆ ಜಾರುತ್ತೆ. ನಟ್ ಕೈಯಲ್ಲಿ ತಿರುಗಿಸಿ, ಕೊನೆಗೆ ಸ್ಪ್ಯಾನರ್‌ನಿಂದ ಸ್ವಲ್ಪ ಮಾತ್ರ.

ಕೊಳವೆಯೇ ಹಳದಿಯಾಗಿ ಬಿರುಸಾಗಿದ್ದರೆ, ಅಥವಾ ಜೆಟ್ ತಲೆಗೆ ಸೇರುವಲ್ಲಿ ಸೀಳಿದ್ದರೆ, ಜೆಟ್ ಸಮೇತ ಬದಲಿಸಿ. ಮುಂದಿನದೂ ಹಿಂದಿನದೂ ಬೇರೆ ಬೇರೆ, ಆರ್ಡರ್ ಮಾಡುವಾಗ ಹೇಳಿ. ಎಲ್ಲ ಆದ ಮೇಲೆ ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ ಎತ್ತಿ ಬಿಡಿ: ಟಕ್ ಅಂತ ಲೋಹದ ಸದ್ದು ಬಂದರೆ ಸರಿ. ಮೆತ್ತಗೆ ಬಂದು ನಿಂತರೆ ಪಿಸ್ಟನ್ನಿನ ನೀಡಲ್ (ಫ್ಲೋಟ್‌ನದಲ್ಲ) ಜೆಟ್‌ಗೆ ಉಜ್ಜುತ್ತಿದೆ, ಜೆಟ್ ಸೆಂಟರ್ ಮಾಡಬೇಕು, ಅಂದರೆ ನೀಡಲ್‌ಗೆ ಸರಿಯಾಗಿ ನಡುವೆ ಕೂರಿಸಬೇಕು.

ಇದಿಷ್ಟೂ ಎರಡೂ ಕಡೆ ಮಾಡಿ. ಇಂದು ಹಿಂದಿನದು ಸೋರಿದರೆ ಮುಂದಿನದರ ಗ್ಲಾಂಡಿಗೂ ವಯಸ್ಸು ಅಷ್ಟೇ.

ಇನ್ನೊಬ್ಬ ಸದಸ್ಯರು: ನನ್ನದು ಓವರ್‌ಫ್ಲೋ ಕೇಸ್ ಸರ್, ಒಂದೇ ಕಾರ್ಬ್ಯುರೇಟರ್ ಉಕ್ಕುತ್ತಿದೆ. ಫ್ಲೋಟ್ ಎತ್ತರ ಮನೆಯಲ್ಲೇ ಅಳೆಯಬಹುದೇ?

ಉತ್ತರ: ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ಚೇಂಬರ್‌ಗೆ ಮೆಲ್ಲಗೆ ತಟ್ಟಿ. ಸೋರಿಕೆ ನಿಂತರೆ ನೀಡಲ್‌ನಲ್ಲಿ ಕಸ ಸಿಕ್ಕಿದೆ, ನೀಡಲ್ ಕೂರುವ ಸೀಟ್ ತೊಳೆದು, ಪಂಪ್ ಆದ ಮೇಲಿನ ಲೈನಿನಲ್ಲಿ ಫಿಲ್ಟರ್ ಹಾಕಿ. ನಿಲ್ಲದಿದ್ದರೆ ಮುಚ್ಚಳ ಯಾವ ದಿಕ್ಕಿಗಿತ್ತು ಅಂತ ಗೀರಿ ಗುರುತಿಟ್ಟು, ಮೂರು ಸ್ಕ್ರೂ ತೆಗೆಯಿರಿ. ಫ್ಲೋಟ್ ಅನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ಎಸೆಯಿರಿ. ಅನುಮಾನವಿದ್ದರೆ ಬಿಸಿ ನೀರಿನಲ್ಲಿ ಅದುಮಿ, ಗುಳ್ಳೆ ಬಂದರೆ ತೂತಿದೆ. ನೀರನ್ನು ಬೇರೆ ಕಡೆ ಕಾಯಿಸಿ ತನ್ನಿ, ಒಲೆಯ ಹತ್ತಿರ ಈ ಕೆಲಸ ಬೇಡ.

ಮುಚ್ಚಳವನ್ನು ತಲೆಕೆಳಗು ಹಿಡಿದು, ಫ್ಲೋಟ್ ತನ್ನ ಭಾರಕ್ಕೇ ನೀಡಲ್ ಮೇಲೆ ಕೂರಲಿ. ಫ್ಲೋಟ್‌ಗೂ ಮುಚ್ಚಳದ ಮುಖಕ್ಕೂ ನಡುವೆ 1/8ರಿಂದ 3/16 ಇಂಚು ಸಂದು ಬೇಕು. 4 ಮಿ.ಮೀ ಡ್ರಿಲ್ ಬಿಟ್‌ನ ನುಣುಪು ಬುಡ ಅಲ್ಲಿ ತೂರಿದರೆ ಸಾಕು. ಸಂದು ಕಡಿಮೆಯಿದ್ದರೆ ಪೆಟ್ರೋಲ್ ಮಟ್ಟ ಎತ್ತರ ಅಂತ ಅರ್ಥ. ಉಕ್ಕಿನ ಲಿವರ್ ಇದ್ದರೆ ಸ್ವಲ್ಪ ಬಗ್ಗಿಸಿ. ಪೂರ್ತಿ ಪ್ಲಾಸ್ಟಿಕ್ ಫ್ಲೋಟ್ ಬಗ್ಗಲ್ಲ, ಸೀಟ್ ಕೆಳಗೆ ತೆಳು ವಾಷರ್ ಸೇರಿಸಿ.

ಕೇಳಿದವರು: ಧನ್ಯವಾದ ಸರ್. ಗ್ಲಾಂಡ್ ಮತ್ತೆ ಒಣಗದಿರಲು ಏನು ಮಾಡಬೇಕು?

ಉತ್ತರ: ನಿಮ್ಮಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್ ಅಂದರೆ ಇ10 (ಶೇ. 10ರವರೆಗೆ ಎಥನಾಲ್). ಎಥನಾಲ್ ಹಳೆ ರಬ್ಬರ್ ಕೆಡಿಸುತ್ತೆ, ಹಾಗಾಗಿ ಇ5 (ಶೇ. 5ರವರೆಗೆ) ಸೂಪರ್ ಹಾಕಿಸಿ. ರಬ್ಬರ್ ಪೈಪ್‌ಗಳಿಗೆ ಎಥನಾಲ್ ತಾಳುವ, ಆರ್9 ಗುರುತಿನ ಹೋಸ್ ತೆಗೆದುಕೊಳ್ಳಿ. ಚಳಿಗಾಲದಲ್ಲೂ ಎರಡು ವಾರಕ್ಕೊಮ್ಮೆ ಇಗ್ನಿಷನ್ ಆನ್ ಮಾಡಿ, ಪಂಪ್ ಸುಮ್ಮನಾಗುವವರೆಗೆ ಚೇಂಬರ್ ತುಂಬಿಸಿ. ಅದು ಸುಮ್ಮನಾಗದಿದ್ದರೆ ತಕ್ಷಣ ಆಫ್ ಮಾಡಿ ಬಾನೆಟ್ ಎತ್ತಿ ನೋಡಿ.