ಬೀದರ್–ಕಲಬುರಗಿ ಸಹಾಯಾರ್ಥ ಸೈಕಲ್ ಸವಾರಿ: ಹೊಸಬರಿಗೆ ನಿಮ್ಮ ಅನುಭವ ಹೇಳಿ

ಪ್ರಶ್ನೆ: ಶಾಲಾ ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ಶರಣು. ಕ್ಯಾನ್ಸರ್ ಚಿಕಿತ್ಸೆಗೆಂದು ಹಳ್ಳಿಗಳಿಂದ ಕಲಬುರಗಿಗೆ ಬರುವ ರೋಗಿಗಳ ಜೊತೆಗಾರರಿಗೆ ಊಟ ಮತ್ತು ತಂಗಲು ಜಾಗ ಕೊಡುವ ಒಂದು ಟ್ರಸ್ಟ್ ಇದೆ. ಅದಕ್ಕಾಗಿ ಹಣ ಕೂಡಿಸಲು ನಮ್ಮ ಬಳಗದವರು ಜನವರಿಯಲ್ಲಿ ಕಲಬುರಗಿಯಿಂದ ಬೀದರಿಗೆ ಒಂದೇ ದಿನದಲ್ಲಿ ಸೈಕಲ್ ತುಳಿಯಬೇಕೆಂದಿದ್ದಾರೆ. ನಾನೂ ಹೆಸರು ಕೊಟ್ಟಿದ್ದೇನೆ. ವಯಸ್ಸು ನಲವತ್ತು ದಾಟಿದೆ. ಶಾಲೆಗೆ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ, ಅದಕ್ಕಿಂತ ದೂರ ಹೋದ ಅಭ್ಯಾಸವಿಲ್ಲ. ಗೇರ್ ಇರುವ ಸೈಕಲ್ ತಮ್ಮನದು. ಮೂರು ತಿಂಗಳು ಸಮಯವಿದೆ. ತಯಾರಿ ಹೇಗೆ, ದಾರಿಯಲ್ಲಿ ಏನು ತಿನ್ನಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಜನರ ಬಳಿ ಹಣ ಕೇಳುವುದು ಹೇಗೆ? ತುಳಿಯುವುದಕ್ಕಿಂತ ಕೈ ಚಾಚುವುದಕ್ಕೇ ನನಗೆ ಹೆಚ್ಚು ಅಳುಕು.

ಉಪನ್ಯಾಸಕ, ಬೀದರ್

ಮೇಡಂ, ಬಳಗದವರು ಒಪ್ಪುವುದಾದರೆ ಮೊದಲು ದಿಕ್ಕನ್ನೇ ಬದಲಿಸಿ. ಬೀದರಿನಿಂದ ಹೊರಟು ಕಲಬುರಗಿಯಲ್ಲಿ ಮುಗಿಸಿ. ಹುಮನಾಬಾದ್, ಕಮಲಾಪುರಗಳ ಮೇಲೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಯಾವ ಕಡೆಯಿಂದ ಹೊರಟರೂ ದೂರ ಸುಮಾರು 110 ಕಿ.ಮೀ. ಆದರೆ ನಮ್ಮ ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ, ಕಲಬುರಗಿಗಿಂತ ಹೆಚ್ಚುಕಡಿಮೆ ಇನ್ನೂರು ಮೀಟರ್ ಎತ್ತರದಲ್ಲಿ. ಸಾಲದ್ದಕ್ಕೆ ಚಳಿಗಾಲದಲ್ಲಿ ಗಾಳಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಕಲಬುರಗಿಯಿಂದ ಹೊರಟವರಿಗೆ ಏರೂ ಎದುರು, ಗಾಳಿಯೂ ಎದುರು. ಬೀದರಿನಿಂದ ಹೊರಟವರಿಗೆ ಎರಡೂ ಬೆನ್ನಿಗೆ. ಮೊದಲ ಸಲ ತುಳಿಯುವವರು ಹತ್ತು ಮಂದಿ ಇರುವ ತಂಡಕ್ಕೆ ಇದರಿಂದ ಆಗುವ ವ್ಯತ್ಯಾಸ ಬಹಳ ದೊಡ್ಡದು. ರೋಗಿಗಳು ಇರುವ ಊರಿಗೇ ಬಂದು ಸೇರಿದ ಹಾಗೂ ಆಗುತ್ತದೆ.

ವೇಗದ ಚಿಂತೆ ಬಿಡಿ. ದೀರ್ಘದೂರ ಸವಾರರ ಆಡಾಕ್ಸ್ ನಿಯಮದಲ್ಲಿ 200 ಕಿ.ಮೀ. ಮುಗಿಸಲು ಹದಿಮೂರೂವರೆ ಗಂಟೆ ಕೊಡುತ್ತಾರೆ. ಅಂದರೆ ಊಟ, ನೀರು, ಪಂಕ್ಚರ್ ಎಲ್ಲ ಸೇರಿಸಿ ಗಂಟೆಗೆ ಹದಿನೈದು ಕಿ.ಮೀ. ಸಾಕು. ಅದೇ ಲೆಕ್ಕದಲ್ಲಿ ನಿಮ್ಮದು ಎಂಟು ಗಂಟೆಯ ಕೆಲಸ. ಜನವರಿಯಲ್ಲಿ ಬೆಳಕು ಸರಿಯಾಗಿ ಹರಿಯುವುದೇ ಏಳರ ಹೊತ್ತಿಗೆ. ಅದಕ್ಕೆ ಮೊದಲು ಹೆದ್ದಾರಿಗೆ ಇಳಿಯಬೇಡಿ. ಬೆಳಗ್ಗೆ ಬೀದರಿನ ಚಳಿ ಚೆನ್ನಾಗಿಯೇ ಕಚ್ಚುತ್ತದೆ, ಕೈಗವಸು ಮತ್ತು ಕಿವಿ ಮುಚ್ಚುವ ಬಟ್ಟೆ ಇರಲಿ.

ತಯಾರಿಗೆ ವಾರದಲ್ಲಿ ಎರಡು ದಿನ ಒಂದೊಂದು ಗಂಟೆ, ಭಾನುವಾರ ಒಂದು ಉದ್ದ ಸವಾರಿ. ಉದ್ದದ್ದನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ನಾಲ್ಕನೆಯ ವಾರ ತಗ್ಗಿಸಿ ಮೈಗೆ ಬಿಡುವು ಕೊಡಿ. ಆರಂಭದಲ್ಲಿ ಮಹಾಗಾಂವ್ ಕ್ರಾಸ್, ಆಮೇಲೆ ಕಮಲಾಪುರ. ಅಲ್ಲಿಗೆ ಹೋಗಿಬಂದರೆ ಎಪ್ಪತ್ತರ ಆಸುಪಾಸು, ಅಂದಿನ ದಾರಿಯೂ ಪರಿಚಯವಾಗುತ್ತದೆ. ಡಿಸೆಂಬರ್ ಕೊನೆಗೆ ದೇವಲ ಗಾಣಗಾಪುರಕ್ಕೆ ಹೋಗಿ ದರ್ಶನ ಮಾಡಿ ಅದೇ ದಿನ ಮರಳಿ, ಎಂಬತ್ತರ ಆಸುಪಾಸು ಆಗುತ್ತದೆ. ಅಷ್ಟನ್ನು ಆಯಾಸವಿಲ್ಲದೆ ಮುಗಿಸಿದವರು 110 ಅನ್ನೂ ಮುಗಿಸುತ್ತಾರೆ. ಸವಾರಿಗೆ ಮುಂಚಿನ ವಾರ ದೂರ ತುಳಿಯಲೇಬೇಡಿ.

ಏರು ಬಂದ ಮೇಲೆ ಗೇರ್ ಬದಲಿಸುವುದಲ್ಲ, ಏರಿನ ಬುಡದಲ್ಲೇ ಹಗುರ ಗೇರಿಗೆ ಇಳಿಸಿಕೊಳ್ಳಬೇಕು. ಪೆಡಲ್ ಬೇಗ ಬೇಗ ತಿರುಗಲಿ, ಮೊಣಕಾಲಿನ ಮೇಲೆ ಭಾರ ಬೀಳದಿರಲಿ.

ರಸ್ತೆಯಲ್ಲಿ ನನಗೆ ನಿಜವಾದ ಭಯ ಇರುವುದು ಎರಡರದ್ದು. ಒಂದು, ಕಬ್ಬಿನ ಟ್ರಾಕ್ಟರ್. ಹಿಂದೆ ಎರಡೆರಡು ಟ್ರಾಲಿ, ಬಹಳಷ್ಟಕ್ಕೆ ಹಿಂದೀಪವಿಲ್ಲ, ಕಬ್ಬಿನ ತುದಿ ಪಕ್ಕಕ್ಕೆ ಚಾಚಿರುತ್ತದೆ. ಅದರ ಮಗ್ಗುಲಲ್ಲಿ ಒಂದು ಕ್ಷಣವೂ ಇರಬೇಡಿ. ಮುಂದೆ ಹೋಗಲು ಬಿಟ್ಟುಬಿಡಿ. ಇನ್ನೊಂದು, ಹುಮನಾಬಾದಿನಲ್ಲಿ ಪುಣೆ–ಹೈದರಾಬಾದ್ ಹೆದ್ದಾರಿ ದಾಟುವ ಜಾಗ. ದಿನವಿಡೀ ಲಾರಿಗಳ ಸಾಲು. ಅಲ್ಲಿ ಇಡೀ ತಂಡ ಇಳಿದು, ಸೈಕಲ್ ತಳ್ಳಿಕೊಂಡು, ಒಟ್ಟಿಗೆ ದಾಟಬೇಕು.

ಸೈಕಲ್ ದುರಸ್ತಿ ಅಂಗಡಿಯವರು, ಕಲಬುರಗಿ

ಅಕ್ಕಾ, ತಮ್ಮನ ಸೈಕಲ್ ಎಂದಿರಿ. ತಮ್ಮ ನಿಮಗಿಂತ ಎತ್ತರವಿದ್ದರೆ ಸೀಟು ಇಳಿಸಿದರಷ್ಟೇ ಸಾಲದು, ಹ್ಯಾಂಡಲ್ ಕೂಡ ದೂರವಾಗಿ ಕುತ್ತಿಗೆ, ಭುಜ ನೋಯುತ್ತವೆ. ಅಂಗಡಿಗೆ ತಂದು ಹ್ಯಾಂಡಲ್ಲನ್ನು ಸೈಕಲ್ಲಿಗೆ ಜೋಡಿಸುವ ತುಂಡು, ಅಂದರೆ ಸ್ಟೆಮ್, ಗಿಡ್ಡದ್ದು ಹಾಕಿಸಬಹುದೇ ಕೇಳಿ. ಸೀಟಿನ ಎತ್ತರಕ್ಕೆ ಸುಲಭದ ಅಳತೆ ಇದೆ: ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲಿನಲ್ಲಿ ಸಣ್ಣ ಬಾಗು ತಾನೇ ಬರುತ್ತದೆ.

ನಮ್ಮ ಮೂರೂ ಜಿಲ್ಲೆಗಳಲ್ಲಿ ಸೈಕಲ್ಲಿನ ಶತ್ರು ಬಳ್ಳಾರಿ ಜಾಲಿ. ರಸ್ತೆಯ ಎರಡೂ ಬದಿಗೆ ಅದೇ. ನೆರಳು ಕಂಡಿತೆಂದು ಸೈಕಲ್ಲನ್ನು ಡಾಂಬರಿನಿಂದ ಕೆಳಗೆ ತಳ್ಳಿಕೊಂಡು ಹೋಗಬೇಡಿ, ಎತ್ತಿ ಒಯ್ಯಿರಿ. ನೀವು ಹೋಗುವ ಹೊತ್ತಿಗೆ ತೊಗರಿಯ ರಾಶಿಯೂ ನಡೆದಿರುತ್ತದೆ. ರಸ್ತೆಯ ಮೇಲೆ ಹರಡಿದ ತೊಗರಿ ಕಟ್ಟಿಗೆಯ ಚೂರು ಟೈರಿಗೆ ಮುಳ್ಳಿನಷ್ಟೇ ಕೆಟ್ಟದ್ದು. ಎರಡು ಹೊಸ ಟ್ಯೂಬ್, ಪ್ಯಾಚ್, ಟೈರ್ ಬಿಚ್ಚುವ ಲಿವರ್, ಸಣ್ಣ ಪಂಪು ಪ್ರತಿಯೊಬ್ಬರ ಬಳಿಯೂ ಇರಲಿ. ಟ್ಯೂಬ್ ಬದಲಿಸುವಾಗ ಟೈರಿನ ಒಳಮೈಯನ್ನು ಬಟ್ಟೆಯಿಂದ ಒಂದು ಸುತ್ತು ಸವರಿ ನೋಡಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಟ್ಯೂಬಿನ ವಾಲ್ವ್ ಯಾವುದು ನೋಡಿಕೊಳ್ಳಿ. ದಪ್ಪನೆಯದು, ಬೈಕಿನದೇ ರೀತಿಯದು ಆದರೆ ಯಾವ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ಸಿಗುತ್ತದೆ. ಸಣಕಲು ಪ್ರೆಸ್ಟಾ ವಾಲ್ವ್ ಆದರೆ ಸಿಗುವುದಿಲ್ಲ. ಅದಕ್ಕೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಬರುತ್ತದೆ, ಬೆಲೆ ಅತಿ ಕಡಿಮೆ, ಮೊದಲೇ ಕೊಂಡು ಜೇಬಿನಲ್ಲಿ ಹಾಕಿಕೊಳ್ಳಿ. ಗಾಳಿ ಎಷ್ಟಿರಬೇಕೆಂಬುದು ಟೈರಿನ ಮಗ್ಗುಲಲ್ಲೇ ಅಚ್ಚಾಗಿರುತ್ತದೆ.

ಶುಶ್ರೂಷಕಿ, ಯಾದಗಿರಿ

ಅಕ್ಕಾ, ಹೆಣ್ಣುಮಕ್ಕಳು ಇಂಥದ್ದಕ್ಕೆ ಹೆಸರು ಕೊಟ್ಟಿದ್ದು ಓದಿ ಮನಸ್ಸು ತುಂಬಿತು. ವಾರ್ಡಿನಲ್ಲಿ ಆ ಜೊತೆಗಾರರನ್ನು ದಿನವೂ ನೋಡುವವಳು ನಾನು. ರೋಗಿಗೆ ಆಸ್ಪತ್ರೆಯ ಊಟ ಬರುತ್ತದೆ; ಪಕ್ಕದಲ್ಲಿ ಕೂತ ತಾಯಿ ಬೆಳಗ್ಗಿನಿಂದ ಏನು ತಿಂದಿದ್ದಾಳೆ ಎಂದು ಕೇಳುವವರು ಕಡಿಮೆ.

ತಿನ್ನುವ ವಿಚಾರ: ಹಸಿವಾದ ಮೇಲೆ ತಿಂದರೆ ತಡವಾಯಿತು. ಮುಕ್ಕಾಲು ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿ. ಶೇಂಗಾ ಹೋಳಿಗೆಯಷ್ಟು ಒಳ್ಳೆಯದನ್ನು ನಾನು ಬೇರೆ ಕಂಡಿಲ್ಲ. ನಾಲ್ಕಾಗಿ ಮಡಿಚಿ ಕಾಗದದಲ್ಲಿ ಸುತ್ತಿದರೆ ಸಂಜೆಯವರೆಗೂ ಕೆಡುವುದಿಲ್ಲ. ಬೆಲ್ಲ, ಪುಠಾಣಿ, ಕಮಲಾಪುರಕ್ಕೆ ಬಂದಾಗ ಅಲ್ಲಿಯ ಕೆಂಪು ಬಾಳೆ. ಹಿಂದಿನ ರಾತ್ರಿ ಜೋಳದ ರೊಟ್ಟಿ, ಪಲ್ಯ, ಅನ್ನ ಹೊಟ್ಟೆ ತುಂಬ ಉಣ್ಣಿರಿ. ಹುಮನಾಬಾದಿನ ಬಿಸಿ ಮಿರ್ಚಿ ಭಜಿ ಎಷ್ಟು ಕರೆದರೂ ಅಂದು ಬೇಡ, ಎಣ್ಣೆ ಮತ್ತು ಖಾರ ತುಳಿಯುವಾಗ ಎದೆಗೆ ಬರುತ್ತವೆ.

ಬರೀ ನೀರು ಕುಡಿಯುತ್ತಾ ಹೋದರೆ ಉಪ್ಪಿನಂಶ ಕಡಿಮೆಯಾಗಿ ತಲೆಸುತ್ತು ಬರುತ್ತದೆ. ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಓಆರ್‌ಎಸ್ ಇರಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು.

ತೊಡೆ ಮತ್ತು ಕೂರುವ ಜಾಗ ಉಜ್ಜಿ ಗಾಯವಾಗುವುದು ದೊಡ್ಡ ತೊಂದರೆ, ಆದರೆ ಸಂಕೋಚಕ್ಕೆ ಯಾರೂ ಬಾಯಿಬಿಡುವುದಿಲ್ಲ. ಮೆತ್ತೆ ಇರುವ ಸೈಕಲ್ ಚಡ್ಡಿಯನ್ನು ಒಳಉಡುಪಿಲ್ಲದೆ ಧರಿಸಬೇಕು, ಉಜ್ಜುವ ಕಡೆ ಮೊದಲೇ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು. ಮೇಲೆ ಸಡಿಲ ಪೈಜಾಮ ಬೇಕೆಂದರೆ ಹಾಕಿಕೊಳ್ಳಿ, ಪಾದದ ಬಳಿ ಕ್ಲಿಪ್ ಹಾಕಿ ಬಿಗಿ ಮಾಡಿ, ಸರಪಳಿಗೆ ಸಿಗಬಾರದು. ಶೌಚಕ್ಕೆ ದಾರಿಯ ಪೆಟ್ರೋಲ್ ಬಂಕುಗಳನ್ನು ಮೊದಲೇ ಗುರುತು ಮಾಡಿಡಿ. ಶೌಚದ ಭಯಕ್ಕೆ ನೀರು ಕುಡಿಯದಿರುವ ಹೆಣ್ಣುಮಕ್ಕಳನ್ನು ಬಹಳ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ನೋವಿನ ಮಾತ್ರೆಯನ್ನು ಮುನ್ನೆಚ್ಚರಿಕೆಗೆಂದು ನುಂಗಬೇಡಿ. ನೀರಿನಂಶ ಕಡಿಮೆಯಾದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ರಕ್ತದೊತ್ತಡ, ಮಧುಮೇಹ ಇರುವವರು ಈಗಲೇ ವೈದ್ಯರನ್ನು ಕಾಣಲಿ. ಎದೆಯಲ್ಲಿ ಬಿಗಿತ, ಕಣ್ಣು ಕತ್ತಲೆ ಬಂದರೆ ಆ ಕ್ಷಣವೇ ಇಳಿದು ತಂಡದ ಹಿಂದೆ ಬರುವ ವ್ಯಾನ್ ಹತ್ತಬೇಕು, 108ಕ್ಕೆ ಕರೆ ಮಾಡಬೇಕು.

ನಿವೃತ್ತ ಬ್ಯಾಂಕ್ ಅಧಿಕಾರಿ, ಬಸವಕಲ್ಯಾಣ

ತಂಗಿ, ಒಂದು ಟ್ರಸ್ಟಿನ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಕೈ ಚಾಚುವ ಅಳುಕಿನ ಬಗ್ಗೆ ಕೇಳಿದಿರಲ್ಲ, ಆ ಅಳುಕು ಹೋಗುವುದು ಒಂದೇ ದಾರಿಯಿಂದ: ಹಣ ಯಾವುದಕ್ಕೆ ಎಂಬುದು ನಿಮಗೆ ಪೈಸೆಯ ಮಟ್ಟಕ್ಕೆ ತಿಳಿದಿರಬೇಕು.

ಜನ ಮೊದಲು ಕೇಳುವುದೇ, ‘ಸರ್ಕಾರದ ಕಾರ್ಡ್ ಇದೆಯಲ್ಲ, ಚಿಕಿತ್ಸೆ ಪುಕ್ಕಟೆಯಲ್ಲವೇ?’ ಎಂದು. ನ್ಯಾಯವಾದ ಪ್ರಶ್ನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಸಿಗುತ್ತದೆ. ಆದರೆ ವಿಕಿರಣ ಚಿಕಿತ್ಸೆ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ. ಸುರಪುರದ ಕಡೆಯಿಂದಲೋ ಔರಾದಿನ ಕಡೆಯಿಂದಲೋ ಬಂದ ಕೂಲಿಯವರು ಅಷ್ಟು ದಿನ ಎಲ್ಲಿ ಮಲಗಬೇಕು, ಏನು ಉಣ್ಣಬೇಕು? ದುಡಿಮೆಯೂ ಅಷ್ಟು ದಿನ ನಿಂತಿರುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳುವುದು ಇಲ್ಲಿಂದ ಶುರುವಾಗುತ್ತದೆ. ಇದನ್ನು ಶಾಂತವಾಗಿ, ಎರಡೇ ನಿಮಿಷದಲ್ಲಿ ಹೇಳಿ. ಒಬ್ಬ ಜೊತೆಗಾರರ ಒಂದು ದಿನದ ಊಟ, ವಸತಿಗೆ ಎಷ್ಟು ತಗಲುತ್ತದೆಂದು ಟ್ರಸ್ಟಿನವರಿಂದ ಲಿಖಿತವಾಗಿ ಪಡೆದು ಆ ಮೊತ್ತವನ್ನೇ ಕೇಳಿ. ‘ತಮಗೆ ತಿಳಿದಷ್ಟು ಕೊಡಿ’ ಎಂದರೆ ಕೊಡುವವರಿಗೂ ಕಷ್ಟ.

ರೋಗಿಗಳ ಫೋಟೊ ಹಾಕಿ ಕೇಳಬೇಡಿ. ಕೊಡುವವರ ಮನಸ್ಸು ಕರಗಲೆಂದು ಇನ್ನೊಬ್ಬರ ಕಷ್ಟದ ಮುಖ ಪ್ರದರ್ಶಿಸುವುದನ್ನು ನಾನು ಎಂದೂ ಒಪ್ಪಿಲ್ಲ.

ಹಣ ನಿಮ್ಮ ಸ್ವಂತ ಖಾತೆಗೆ ಒಂದು ರೂಪಾಯಿಯೂ ಬರಬಾರದು. ಟ್ರಸ್ಟಿನ ಹೆಸರಿನ ಕ್ಯೂಆರ್ ಕೋಡ್ ಹಂಚಿ. ನಗದು ಕೊಟ್ಟರೆ ಅಲ್ಲೇ ರಸೀದಿ. 80ಜಿ ತೆರಿಗೆ ವಿನಾಯಿತಿ ಕೇಳುವವರಿಗೆ ಎರಡು ವಿಷಯ ಮೊದಲೇ ತಿಳಿಸಿ: 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಸಿಗುವುದಿಲ್ಲ. ಟ್ರಸ್ಟಿಗೆ ಆ ನೋಂದಣಿ ಇದೆಯೇ ಎಂದು ನೀವೇ ಕಾಗದ ನೋಡಿ.

ನಮ್ಮ ಕಡೆ ಕೊಡುವ ಕೈಗಳಿಗೆ ಬರವಿಲ್ಲ. ಶರಣಬಸವೇಶ್ವರರ ದಾಸೋಹದ ನೆಲ ಇದು. ಹಣ ಕೊಡಲಾಗದ ರೈತ ಜನವರಿಯಲ್ಲಿ ಹೊಸ ತೊಗರಿ ಕೊಡುತ್ತಾನೆ, ದಾಲ್ ಮಿಲ್ಲಿನವರು ಬೇಳೆ ಕೊಡುತ್ತಾರೆ, ಜೋಳದ ಚೀಲ ಬರುತ್ತದೆ. ಊಟ ಹಾಕುವ ಟ್ರಸ್ಟಿಗೆ ಅದು ಹಣದಷ್ಟೇ ಬೆಲೆಯದು. ತೂಕ ಮಾಡಿ ಬರೆದಿಟ್ಟು ರಸೀದಿ ಕೊಡಿ. ವಸ್ತು ರೂಪದ ದಾನಕ್ಕೆ ತೆರಿಗೆ ವಿನಾಯಿತಿ ಇಲ್ಲ, ಅಷ್ಟೇ.

ಸವಾರಿಯ ಖರ್ಚು ಸವಾರರದ್ದು. ಟ್ಯೂಬು, ಬಾಳೆಹಣ್ಣು, ವ್ಯಾನಿನ ಡೀಸೆಲ್ ಯಾವುದೂ ದಾನದ ಹಣದಿಂದ ಹೋಗಬಾರದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1980ರಿಂದ ನಡೆಯುತ್ತಿರುವ ಪ್ಯಾನ್-ಮಾಸ್ ಚಾಲೆಂಜ್ ಎಂಬ ಸೈಕಲ್ ಸವಾರಿ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗಾಗಿ ಹಣ ಕೂಡಿಸುತ್ತದೆ. ಸವಾರರು ತಂದ ಹಣವನ್ನು ಪೂರ್ತಿಯಾಗಿ ಸಂಸ್ಥೆಗೆ ಸಲ್ಲಿಸುತ್ತೇವೆ ಎಂಬುದು ಅವರ ಹೆಮ್ಮೆ. ಅಷ್ಟು ದೊಡ್ಡವರಿಗೆ ಆಗುವುದು ಹತ್ತಿಪ್ಪತ್ತು ಮಂದಿಯ ನಮ್ಮ ತಂಡಕ್ಕೆ ಯಾಕೆ ಆಗಬಾರದು? ಸವಾರಿ ಮುಗಿದ ಹದಿನೈದು ದಿನದೊಳಗೆ ಬಂದದ್ದು, ಸಲ್ಲಿಸಿದ್ದು ಒಂದೇ ಹಾಳೆಯಲ್ಲಿ ಬರೆದು ಕೊಟ್ಟವರೆಲ್ಲರಿಗೂ ಕಳಿಸಿ. ಐವತ್ತು ರೂಪಾಯಿ ಕೊಟ್ಟವರಿಗೂ.

ಮತ್ತೆ ಶಿಕ್ಷಕಿ

ಎಲ್ಲರಿಗೂ ಹೃದಯ ತುಂಬಿದ ಧನ್ಯವಾದ. ಬಳಗದವರು ಬೀದರಿನಿಂದ ಹೊರಡಲು ಒಪ್ಪಿದ್ದಾರೆ. ಎರಡು ಸಂದೇಹ ಉಳಿದಿವೆ. ಒಬ್ಬ ವ್ಯಾಪಾರಿ ಟೀ ಶರ್ಟುಗಳನ್ನು ಮಾಡಿಸಿಕೊಡುತ್ತಾರಂತೆ, ಅಂಗಡಿಯ ಹೆಸರು ಇರಬೇಕಂತೆ. ಒಪ್ಪಬಹುದೇ? ಇನ್ನು, ನಾನು ನಡುವೆಯೇ ವ್ಯಾನ್ ಹತ್ತಬೇಕಾಗಿ ಬಂದರೆ ಹಣ ಕೊಟ್ಟವರಿಗೆ ಏನೆಂದು ಹೇಳಲಿ?

ನಿವೃತ್ತ ಬ್ಯಾಂಕ್ ಅಧಿಕಾರಿ, ಬಸವಕಲ್ಯಾಣ

ಟೀ ಶರ್ಟ್ ಬದಲು ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ ಮಾಡಿಸಿಕೊಡಲು ಕೇಳಿ, ಹೆಸರು ಬೇಕಾದರೆ ಬೆನ್ನ ಮೇಲಿರಲಿ. ತಂಬಾಕು, ಗುಟ್ಕಾ ಮಾರುವವರದ್ದಾದರೆ ಬೇಡವೇ ಬೇಡ. ನೀವು ಹೋಗುತ್ತಿರುವುದು ಕ್ಯಾನ್ಸರ್ ರೋಗಿಗಳ ಪರವಾಗಿ. ಇನ್ನು ಎರಡನೆಯದು: ಕೇಳುವಾಗಲೇ ‘ಕಿಲೋಮೀಟರಿಗೆ ಇಷ್ಟು’ ಎಂದು ಪಣ ಕಟ್ಟಬೇಡಿ, ಊಟದ ಲೆಕ್ಕದಲ್ಲಿ ಕೇಳಿ. ಆಗ ನೀವು ಎಲ್ಲಿ ಇಳಿದರೂ ಕೊಟ್ಟವರ ಊಟ ತಲುಪಿರುತ್ತದೆ.

ಗೂಡ್ಸ್ ವಾಹನ ಚಾಲಕ, ಹುಮನಾಬಾದ್

ಅಕ್ಕಾ, ಇಂಥ ಸವಾರಿಗಳಿಗೆ ಹಿಂದಿನಿಂದ ವಾಹನ ನಡೆಸಿದ್ದೇನೆ. ವಾಹನ ಯಾವಾಗಲೂ ಕೊನೆಯ ಸವಾರರ ಹಿಂದೆಯೇ ಇರಬೇಕು, ನಾಲ್ಕೂ ದೀಪ ಮಿನುಗಿಸುತ್ತಾ. ಮುಂದೆ ಓಡುವವರು ಕರೆದರೆಂದು ಮುಂದೆ ಹೋಗುವ ಚಾಲಕ ಬೇಡ. ಜಿಲ್ಲಾ ಪೊಲೀಸ್ ಕಚೇರಿಗೆ ಹದಿನೈದು ದಿನ ಮೊದಲೇ ಪತ್ರ ಕೊಡಿ, ಬೀದರಿನಲ್ಲಿ ಒಂದು, ಕಲಬುರಗಿಯಲ್ಲಿ ಒಂದು. ಹೆದ್ದಾರಿಯ ಸಹಾಯವಾಣಿ 1033 ಎಲ್ಲರ ಮೊಬೈಲಿನಲ್ಲಿ ಇರಲಿ. ಇಬ್ಬರು ಪಕ್ಕಪಕ್ಕ ಮಾತಾಡುತ್ತಾ ತುಳಿಯುವುದನ್ನು ಮಾತ್ರ ಬಿಡಿಸಿ, ಲಾರಿಯವರಿಗೆ ಜಾಗ ಸಿಗುವುದಿಲ್ಲ.

ನನ್ನ ವಾಹನ ಬೇಕಿದ್ದರೆ ಬರುತ್ತೇನೆ, ಡೀಸೆಲ್ ನನ್ನದೇ ಇರಲಿ. ಹಿಂದಿನ ತೊಟ್ಟಿಯಲ್ಲಿ ಆರು ಸೈಕಲ್ ಹಿಡಿಯುತ್ತವೆ, ನಡುವೆ ಹಾಕಲು ಹಳೆಯ ಕೌದಿ ತನ್ನಿ. ಸಂಕ್ರಾಂತಿಯ ವಾರ ಬಿಟ್ಟು ದಿನ ಗೊತ್ತು ಮಾಡಿ, ಆಗ ನನಗೆ ಬಾಡಿಗೆ ಇರುತ್ತದೆ.